ಸಾವಿನ ನಂತರದ ಪುಟಗಳು

ಪ್ರಿಯ ಲೇಖಕರೇ,

ನಮಸ್ಕಾರ. ‘ಮಹಾಕೃತಿಗಳಲ್ಲಿ ದುರಂತ ಮತ್ತು ಅಗಲಿಕೆ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಒಂದು ಸಾಲಿನ ವಿಷಾದಪತ್ರ ಕಳಿಸಿ ಸುಮ್ಮನಾಗಬಹುದಿತ್ತು. ಆದರೆ ನಿಮ್ಮ ಏಳನೆಯ ಪುಟದ ಒಂದು ವಾಕ್ಯ ನನ್ನನ್ನು ಬಿಡಲಿಲ್ಲ. ಅದರ ವಿಚಾರಕ್ಕೆ ಆಮೇಲೆ ಬರುತ್ತೇನೆ, ಮೊದಲು ಕಷ್ಟದ ಮಾತುಗಳನ್ನು ಆಡಿ ಮುಗಿಸುತ್ತೇನೆ.

ಹತ್ತು ಪುಟಗಳಲ್ಲಿ ಹನ್ನೊಂದು ಕೃತಿಗಳನ್ನು ತಂದಿದ್ದೀರಿ. ವಾಲ್ಮೀಕಿಯ ಕ್ರೌಂಚದಿಂದ ಹೊರಟು ಹೋಮರ್, ಸಾಫೊಕ್ಲಿಸ್, ಭಾಸ, ರನ್ನ, ಷೇಕ್ಸ್‌ಪಿಯರ್ ಎನ್ನುತ್ತ ಟಾಲ್‌ಸ್ಟಾಯ್‌ವರೆಗೆ ಬಂದಿದ್ದೀರಿ. ಎಲ್ಲದಕ್ಕೂ ಒಂದೇ ಅಚ್ಚು: ಕಥೆಯ ಸಾರಾಂಶ, ಒಂದು ಸಾವು, ಅದರ ಬೆನ್ನಿಗೇ ‘ಓದುಗನ ಹೃದಯ ಕರಗಿ ನೀರಾಗುತ್ತದೆ’ ಎಂಬ ಮಾತು. ಹನ್ನೊಂದು ಸಾವುಗಳನ್ನು ದಾಟಿ ಬಂದ ನನಗೆ ಒಬ್ಬರ ದುಃಖವೂ ತಟ್ಟಲಿಲ್ಲ. ಯಾಕೆ ಎಂದು ಯೋಚಿಸುತ್ತಾ ಎರಡನೆಯ ಸಲ ಓದಿದಾಗ ತಿಳಿಯಿತು. ಸಾವು ಬಂದ ಕೂಡಲೇ ನೀವು ಪುಸ್ತಕ ಮುಚ್ಚಿಬಿಡುತ್ತೀರಿ.

ಇಲಿಯಡ್ ಕಾವ್ಯವನ್ನೇ ನೋಡಿ. ಅದರ ಕೊನೆಯಲ್ಲಿ ಮರದ ಕುದುರೆಯಿಂದ ಸೈನಿಕರು ಇಳಿದು ಟ್ರಾಯ್ ನಗರಕ್ಕೆ ಬೆಂಕಿ ಇಡುತ್ತಾರೆ ಎಂದು ಬರೆದಿದ್ದೀರಿ. ಇಲಿಯಡ್‌ನಲ್ಲಿ ಕುದುರೆಯೂ ಇಲ್ಲ, ನಗರ ಉರಿಯುವುದೂ ಇಲ್ಲ, ಗ್ರೀಕ್ ವೀರ ಅಕಿಲೀಸ್ ಸಾಯುವುದೂ ಇಲ್ಲ. ಕುದುರೆಯ ಕಥೆ ಬರುವುದು ಒಡಿಸ್ಸಿಯಲ್ಲಿ. ಇಲಿಯಡ್‌ನ ಇಪ್ಪತ್ನಾಲ್ಕನೆಯ ಸರ್ಗ ಟ್ರಾಯ್‌ನ ವೀರ ಹೆಕ್ಟರನ ಶವಸಂಸ್ಕಾರದೊಂದಿಗೆ ಮುಗಿಯುತ್ತದೆ. ಯಾರೋ ಬರೆದ ಸಾರಾಂಶವನ್ನು ನಂಬಿದಾಗ ಇಂಥ ತಪ್ಪಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಸಾರಾಂಶದಲ್ಲಿ ಹೆಕ್ಟರನ ಹೆಂಡತಿ ಆಂಡ್ರೊಮಕಿ ಕಾಯಿಸಲು ಹೇಳಿದ ಸ್ನಾನದ ನೀರು ಸಿಗುವುದಿಲ್ಲ.

ಇಪ್ಪತ್ತೆರಡನೆಯ ಸರ್ಗದಲ್ಲಿ ಹೆಕ್ಟರ್ ಸತ್ತಾಗಿದೆ. ಅಕಿಲೀಸ್ ಶವವನ್ನು ರಥಕ್ಕೆ ಕಟ್ಟಿ ಎಳೆಯುತ್ತಿದ್ದಾನೆ. ಇದೊಂದೂ ತಿಳಿಯದೆ ಅವನ ಹೆಂಡತಿ ಮನೆಯೊಳಗೆ ಮಗ್ಗದ ಮುಂದಿದ್ದಾಳೆ. ಗಂಡ ರಣದಿಂದ ಮರಳಿದೊಡನೆ ಮೀಯಲೆಂದು ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಲು ದಾಸಿಯರಿಗೆ ಹೇಳಿದ್ದಾಳೆ. ಅಷ್ಟರಲ್ಲಿ ಕೋಟೆಯ ಕಡೆಯಿಂದ ಗೋಳು ಕೇಳಿಸುತ್ತದೆ. ಕೈಯಲ್ಲಿದ್ದ ಲಾಳಿ ನೆಲಕ್ಕೆ ಬೀಳುತ್ತದೆ. ಹೆಕ್ಟರ್ ಬಿದ್ದ ಸಾಲನ್ನು ನಾನು ಓದಿ ಮುಂದೆ ಹೋಗಬಲ್ಲೆ, ಆ ಕಾಯುತ್ತಿರುವ ನೀರನ್ನು ದಾಟಿ ಮುಂದೆ ಹೋಗುವುದು ಇಂದಿಗೂ ಕಷ್ಟ. ನೀವು ಆ ಜಾಗದಲ್ಲಿ ‘ಆಂಡ್ರೊಮಕಿ ಕಣ್ಣೀರಿನ ಕಡಲಾದಳು’ ಎಂದಿದ್ದೀರಿ. ಕಡಲು ಬೇಡ, ಆ ಒಂದು ಪಾತ್ರೆ ನೀರು ಸಾಕಾಗಿತ್ತು.

ರನ್ನನ ವಿಷಯದಲ್ಲಿ ನನಗೆ ನಿಜವಾಗಿ ಬೇಸರವಾಯಿತು. ‘ಗದಾಯುದ್ಧ’ಕ್ಕೆ ನೀವು ಕೊಟ್ಟಿರುವುದು ನಾಲ್ಕು ವಾಕ್ಯ, ಅದರಲ್ಲಿ ಮೂರು ಭೀಮನ ಪ್ರತಿಜ್ಞೆಗೆ. ಕಾವ್ಯದ ಇನ್ನೊಂದು ಹೆಸರು ‘ಸಾಹಸಭೀಮವಿಜಯ’ ಎಂಬುದು ಸರಿ. ಆಶ್ರಯದಾತ ಚಾಲುಕ್ಯ ಸತ್ಯಾಶ್ರಯನನ್ನು ಕವಿ ಭೀಮನೊಂದಿಗೆ ಸಮೀಕರಿಸಿದ್ದೂ ಸರಿ. ಆದರೆ ಸಾವಿರ ವರ್ಷಗಳಿಂದ ಓದುಗರು ಮರುಗುತ್ತಿರುವುದು ದುರ್ಯೋಧನನಿಗಾಗಿ. ಸಂಜಯನೊಂದಿಗೆ ಅವನು ರಣರಂಗದಲ್ಲಿ ಹೆಣಗಳ ನಡುವೆ ನಡೆದು ಹೋಗುವ ಭಾಗವನ್ನು ದಯವಿಟ್ಟು ಮೂಲದಲ್ಲಿ ಓದಿ. ಹಳಗನ್ನಡ ಅಡ್ಡಬಂದರೆ ಗದ್ಯಾನುವಾದ ಪಕ್ಕದಲ್ಲಿಟ್ಟುಕೊಳ್ಳಿ, ಆದರೆ ಮೂಲವನ್ನು ಬಿಡಬೇಡಿ.

ಆ ನಡಿಗೆಯಲ್ಲಿ ರನ್ನ ಎಲ್ಲಿಯೂ ‘ಅವನಿಗೆ ಅಪಾರ ದುಃಖವಾಯಿತು’ ಎಂದು ಹೇಳಿ ಕೈತೊಳೆದುಕೊಳ್ಳುವುದಿಲ್ಲ. ಒಬ್ಬೊಬ್ಬರ ಮುಂದೆ ದುರ್ಯೋಧನ ಕಳೆದುಕೊಳ್ಳುವುದು ಬೇರೆಬೇರೆ. ವೈರಿಯ ಮಗ ಅಭಿಮನ್ಯುವಿನ ಮುಂದೆ ಕೈಮುಗಿದು, ನಿನ್ನ ಸಾಹಸದ ಒಂದು ಪಾಲಾದರೂ ನನ್ನ ಸಾವಿಗೆ ಸಿಗಲಿ ಎಂದು ಬೇಡುತ್ತಾನೆ. ಸ್ವಂತ ಮಗ ಲಕ್ಷಣಕುಮಾರನ ಮುಂದೆ ನಿಂತಾಗ ಅವನ ಕೊರಗು ಒಂದು ಲೆಕ್ಕ ತಪ್ಪಿದ್ದರ ಬಗ್ಗೆ: ತಂದೆಗೆ ಮಗ ತರ್ಪಣದ ನೀರು ಬಿಡಬೇಕು, ನಾನೇ ನಿನಗೆ ಬಿಡುವಂತಾಯಿತಲ್ಲ, ಹೀಗೆ ‘ಕ್ರಮವಿಪರ್ಯಯ’ ಮಾಡಬಹುದೇ ಮಗನೇ? ದುಶ್ಶಾಸನನ ಮುಂದೆಯೂ ಅದೇ ಕ್ರಮದ ಮಾತು: ತಾಯಿಯ ಹಾಲನ್ನು ನಾನು ಮೊದಲು ಕುಡಿದೆ, ಆಮೇಲೆ ನೀನು. ಊಟದಲ್ಲೂ ನಾನು ಮೊದಲು, ಆಮೇಲೆ ನೀನು. ಎಲ್ಲಿಯೂ ನನ್ನನ್ನು ಮೀರದವನು ಸಾವಿನಲ್ಲಿ ಮಾತ್ರ ಮುಂದೆ ಹೋದೆಯಲ್ಲ. ಕರ್ಣನ ಬಳಿ ಬಂದಾಗ ಕ್ರಮವೂ ಇಲ್ಲ, ರಕ್ತಸಂಬಂಧವೂ ಇಲ್ಲ. ‘ನೀನುಳ್ಳೊಡುಂಟು ರಾಜ್ಯಂ’ ಎಂದು ಶುರುವಾಗುವ ಆ ಪದ್ಯದಲ್ಲಿ ರಾಜ್ಯ, ಪಟ್ಟ, ಬೆಳ್ಗೊಡೆ ಎಲ್ಲವೂ ಸ್ನೇಹಿತನೊಬ್ಬನ ಇರವಿಗೆ ತೂಗುಬಿದ್ದಿವೆ.

ಮಗನ ಸಾವು, ತಮ್ಮನ ಸಾವು, ಗೆಳೆಯನ ಸಾವು ಮೂರನ್ನೂ ಒಂದೇ ಕಣ್ಣೀರಿನಲ್ಲಿ ಕಲಸದ ಈ ವಿವೇಕವೇ ನಿಮ್ಮ ಲೇಖನದ ವಿಷಯವಾಗಬೇಕಿತ್ತು. ನಾನು ಕಾಲೇಜಿನಲ್ಲಿ ದುಶ್ಶಾಸನನ ಪದ್ಯವನ್ನು ಅಂಕಗಳಿಗಾಗಿ ಬಾಯಿಪಾಠ ಮಾಡಿದ್ದೆ. ನನ್ನ ತಮ್ಮ ತೀರಿಕೊಂಡ ವರ್ಷ ಅದು ತಾನಾಗಿಯೇ ನೆನಪಿಗೆ ಬಂತು. ‘ಆಮೇಲೆ ನೀನು’ ಎಂಬಲ್ಲಿಗೆ ನಿಲ್ಲಿಸಬೇಕಾಯಿತು.

ಇನ್ನು ‘ವಿಧಿ’. ನಿಮ್ಮ ಲೇಖನದಲ್ಲಿ ಈ ಪದ 17 ಸಲ ಬಂದಿದೆ, ಈಡಿಪಸ್ ಬಗೆಗಿನ ಒಂದೇ ಪ್ಯಾರಾದಲ್ಲಿ 5 ಸಲ. ಅವನು ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾಗುತ್ತಾನೆ ಎಂಬ ಭವಿಷ್ಯವಾಣಿ ಇದೆ ನಿಜ. ಆದರೆ ರಂಗದ ಮೇಲೆ ನಡೆಯುವುದೆಲ್ಲ ಈಡಿಪಸ್ ತಾನಾಗಿ ಮಾಡುವ ಕೆಲಸಗಳು. ರೋಗದಿಂದ ನರಳುವ ಪ್ರಜೆಗಳಿಗಾಗಿ ದೇವವಾಣಿ ಕೇಳಲು ಡೆಲ್ಫಿಗೆ ಭಾವಮೈದುನ ಕ್ರಿಯಾನನನ್ನು ಕಳಿಸಿದವನು ಅವನೇ, ಹಿಂದಿನ ರಾಜನ ಕೊಲೆಗಾರನನ್ನು ಶಪಿಸಿದವನು ಅವನೇ, ಹುಡುಕಾಟ ನಿಲ್ಲಿಸು ಎಂದು ಹೆಂಡತಿ ಜೊಕಾಸ್ಟ ಬೇಡಿಕೊಂಡರೂ ಮುದಿ ಕುರುಬನನ್ನು ಕರೆಸಿದವನು ಅವನೇ. ಕೊರಿಂತ್‌ನಿಂದ ಬಂದ ದೂತ ಭಯ ಹೋಗಲಾಡಿಸಲೆಂದು ಆಡಿದ ಮಾತೇ ಬಾಗಿಲು ತೆರೆಯುತ್ತದೆ. ಒಳ್ಳೆಯ ರಾಜನ ಒಳ್ಳೆಯ ಗುಣವೇ ಅವನನ್ನು ಆ ಸತ್ಯದವರೆಗೆ ಎಳೆದೊಯ್ದಿತು ಎಂಬಲ್ಲಿ ನಾಟಕದ ಭೀಕರತೆ ಇದೆ. ವಿಧಿ ಎಂದೊಡನೆ ಈ ವಿಚಾರವೆಲ್ಲ ನಿಂತುಹೋಗುತ್ತದೆ. ದುರಂತ ನಾಯಕನ ಪತನಕ್ಕೆ ಕಾರಣವೆಂದು ಅರಿಸ್ಟಾಟಲ್ ಹೇಳಿದ ‘ಹಮಾರ್ಷಿಯ’ವನ್ನು ನೀವು ‘ನಾಯಕನ ದುರ್ಗುಣ’ ಎಂದಿದ್ದೀರಿ, ಅದನ್ನೂ ತಿದ್ದಿ. ಎಸೆದ ಈಟಿ ಗುರಿ ತಪ್ಪುವುದಕ್ಕೆ ಗ್ರೀಕರು ಬಳಸುತ್ತಿದ್ದ ಕ್ರಿಯಾಪದದಿಂದ ಬಂದ ಮಾತು ಅದು. ಗುರಿ ತಪ್ಪಿದವನೆಲ್ಲ ದುಷ್ಟನಲ್ಲ.

ಸಂಸ್ಕೃತದಲ್ಲಿ ದುರಂತ ನಾಟಕವೇ ಇಲ್ಲ ಎಂಬ ಮಾತನ್ನು ಹೊಡೆದುಹಾಕಿದ್ದೇನೆ. ಭಾಸನ ಹೆಸರು ಬರೆದೂ ‘ಊರುಭಂಗ’ವನ್ನು ಹೇಗೆ ಮರೆತಿರಿ? ಅಲ್ಲಿ ದುರ್ಯೋಧನ ತೊಡೆ ಮುರಿದು ಬಿದ್ದಿದ್ದಾನೆ. ಪುಟ್ಟ ಮಗ ದುರ್ಜಯ ಓಡಿಬಂದು ಅಪ್ಪನ ತೊಡೆಯೇರಲು ನೋಡುತ್ತಾನೆ. ಇದಕ್ಕೆ ವಿವರಣೆ ಬೇಕೇ?

ನಿಮ್ಮ ಕೊನೆಯ ಪ್ಯಾರಾ ‘ದುರಂತಗಳು ನಮಗೆ ಬದುಕುವ ಪಾಠ ಕಲಿಸುತ್ತವೆ’ ಎಂದು ಮುಗಿಯುತ್ತದೆ. ಓದುಗರನ್ನು ಸಮಾಧಾನಪಡಿಸಿ ಕಳಿಸಬೇಕೆಂಬ ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಅದು ಹೊಸದಲ್ಲ. 1681ರಲ್ಲಿ ನೇಹಮ್ ಟೇಟ್ ಎಂಬ ಕವಿ ‘ಕಿಂಗ್ ಲಿಯರ್’ ನಾಟಕವನ್ನು ತಿದ್ದಿ, ಲಿಯರನ ಮಗಳು ಕಾರ್ಡೀಲಿಯಾಳನ್ನು ಬದುಕಿಸಿ, ಎಡ್ಗರನೊಂದಿಗೆ ಮದುವೆಯನ್ನೂ ಮಾಡಿಸಿದ. ಸುಮಾರು ಒಂದೂವರೆ ಶತಮಾನ ಇಂಗ್ಲಿಷ್ ರಂಗಭೂಮಿ ಆಡಿದ್ದು ಆ ತಿದ್ದಿದ ಲಿಯರನನ್ನೇ. ಮೂಲದ ಅಂತ್ಯ ಎಷ್ಟು ದುಸ್ಸಹವೆಂದರೆ, ಕಾರ್ಡೀಲಿಯಾಳ ಸಾವಿನಿಂದ ಕಂಗೆಟ್ಟ ಸ್ಯಾಮ್ಯುಯೆಲ್ ಜಾನ್ಸನ್, ಸಂಪಾದಕನಾಗಿ ಪರಿಷ್ಕರಿಸಬೇಕಾಗಿ ಬರುವವರೆಗೂ ಆ ಕೊನೆಯ ದೃಶ್ಯಗಳನ್ನು ಮತ್ತೆ ಓದಿದ್ದೇ ಅನುಮಾನ ಎಂದು ಬರೆದಿದ್ದಾನೆ. ಜಾನ್ಸನ್ ಹೇಳಿದ್ದು ನಿಜವಾದ ಓದುಗನೊಬ್ಬನ ಮಾತು. ನಿಮ್ಮ ‘ಪಾಠ’ ಟೇಟ್ ಮಾಡಿಸಿದ ಮದುವೆಯಂತಿದೆ. ಸತ್ತ ಮಗಳನ್ನು ತೋಳಲ್ಲಿ ಹೊತ್ತು ಬಂದ ಮುದುಕ, ಈ ಗುಂಡಿ ಬಿಚ್ಚಿ ಎಂದು ಪಕ್ಕದವರನ್ನು ಕೇಳಿ, ಬಿಚ್ಚಿದವರಿಗೆ ಧನ್ಯವಾದ ಹೇಳುತ್ತಾನೆ. ಅಲ್ಲಿ ಕಲಿಯಲು ಏನಿದೆ? ನೋಡಲು ಇದೆ.

ಸಂಪಾದಕರೂ ಈ ತಪ್ಪು ಮಾಡಿದ್ದಾರೆ, ಅದನ್ನೂ ಹೇಳಿಬಿಡುತ್ತೇನೆ. ‘ಅನ್ನಾ ಕರೆನಿನಾ’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುತ್ತಿದ್ದಾಗ, 1877ರಲ್ಲಿ ಸಂಪಾದಕ ಕಾತ್ಕೋವ್ ಎಂಟನೆಯ ಭಾಗವನ್ನು ಅಚ್ಚು ಹಾಕಲಿಲ್ಲ. ನಿಜವಾದ ಕಾರಣ ಸರ್ಬಿಯಾದ ಯುದ್ಧಕ್ಕೆ ಹೊರಟ ಸ್ವಯಂಸೇವಕರ ಬಗ್ಗೆ ಟಾಲ್‌ಸ್ಟಾಯ್ ತಳೆದ ನಿಲುವು. ಓದುಗರಿಗೆ ಮಾತ್ರ ನಾಯಕಿಯ ಸಾವಿನೊಂದಿಗೆ ಕಾದಂಬರಿ ಮುಗಿದಂತೆಯೇ ಎಂಬ ಟಿಪ್ಪಣಿ ಸಿಕ್ಕಿತು. ಟಾಲ್‌ಸ್ಟಾಯ್ ಆ ಭಾಗವನ್ನು ಬೇರೆಯಾಗಿ ಪ್ರಕಟಿಸಿದ. ಪ್ರಕಟಿಸದಿದ್ದರೆ ರೈಲು ನಿಲ್ದಾಣದಲ್ಲಿನ ಅನ್ನಾಳ ಪ್ರಿಯಕರ ವ್ರಾನ್‌ಸ್ಕಿ ನಮಗೆ ಸಿಗುತ್ತಿರಲಿಲ್ಲ. ಯುದ್ಧಕ್ಕೆ ಹೊರಟವನಿಗೆ ತಡೆಯಲಾಗದ ಹಲ್ಲುನೋವು. ಮಾತಾಡುತ್ತಾ ಹಳಿಯ ಮೇಲಿನ ಗಾಲಿಗಳನ್ನು ನೋಡುತ್ತಾನೆ, ರೈಲಿನಡಿ ಬಿದ್ದು ಸತ್ತ ಅವಳ ನೆನಪಾಗುತ್ತದೆ, ಹಲ್ಲುನೋವು ಮರೆತೇಹೋಗುತ್ತದೆ. ಅನ್ನಾಳ ಸಾವಿನ ಬಗ್ಗೆ ನೀವು ಬರೆದ ಒಂದೂವರೆ ಪುಟಕ್ಕಿಂತ ಈ ಹಲ್ಲುನೋವು ಹೆಚ್ಚು ಹೇಳುತ್ತದೆ. ಟಾಲ್‌ಸ್ಟಾಯ್ ಬರೆದ ಅವಳ ಸಾವಿಗಿಂತ ಹೆಚ್ಚು ಎನ್ನಲಾರೆ.

ಈಗ ಏಳನೆಯ ಪುಟ. ಅಪ್ಪ ಹೋದ ಮೇಲೂ ಅವರ ಮೊಬೈಲಿನಲ್ಲಿ ದಿನಾ ಬೆಳಿಗ್ಗೆ ಐದಕ್ಕೆ ಅಲಾರಾಂ ಹೊಡೆಯುತ್ತಿತ್ತು, ಮನೆಯಲ್ಲಿ ಯಾರೂ ಅದನ್ನು ತೆಗೆದುಹಾಕಲಿಲ್ಲ ಎಂದು ಬರೆದಿದ್ದೀರಿ. ಆವರಣ ಚಿಹ್ನೆಯೊಳಗೆ, ನಾಚಿಕೊಂಡಂತೆ ಬರೆದು, ಮರುಸಾಲಿನಲ್ಲೇ ‘ಇಂತಹ ನೋವನ್ನೇ ಮಹಾಕವಿಗಳು ಅಮರವಾಗಿಸಿದ್ದಾರೆ’ ಎಂದು ಓಡಿಹೋಗಿದ್ದೀರಿ. ಹತ್ತು ಪುಟಗಳಲ್ಲಿ ನಾನು ನಂಬಿದ ವಾಕ್ಯ ಅದೊಂದೇ. ಆ ಅಲಾರಾಂ ಮತ್ತು ಆಂಡ್ರೊಮಕಿ ಕಾಯಿಸಲು ಹೇಳಿದ ನೀರು ಒಂದೇ ಮನೆಯವು.

ಹನ್ನೊಂದರಲ್ಲಿ ಎಂಟನ್ನು ಬಿಟ್ಟುಬಿಡಿ. ಉಳಿಯುವ ಮೂರು ಯಾವುವೆಂದು ನೀವೇ ಆರಿಸಿ, ರನ್ನ ಮಾತ್ರ ಇರಲಿ ಎಂಬುದು ನನ್ನ ಆಸೆ. ಅವನ್ನು ಮತ್ತೆ ಮೊದಲಿಂದ ಓದಿ, ಸಾವಿನ ನಂತರದ ಪುಟಗಳನ್ನು ನಿಧಾನವಾಗಿ ಓದಿ, ಉಳಿದವರ ಕೈಗಳು ಏನು ಮಾಡುತ್ತಿವೆ ಎಂದು ಗಮನಿಸಿ. 1,500 ಪದಗಳು ಸಾಕು, ನನಗೆ ಅವಸರವಿಲ್ಲ. ಆ ಅಲಾರಾಂ ಕೊನೆಗೆ ಹೇಗೆ ನಿಂತಿತು ಎಂಬುದನ್ನು ನೀವು ಬರೆದಿಲ್ಲ. ಬರೆಯಲು ಮನಸ್ಸು ಒಪ್ಪದಿದ್ದರೆ ಬೇಡ, ಒಪ್ಪಿದರೆ ಲೇಖನವನ್ನು ಅಲ್ಲಿಂದಲೇ ಶುರುಮಾಡಿ.

ವಿಶ್ವಾಸದಿಂದ,
ಸಂಪಾದಕ