ಅರೋವಾನಾ ಮರಿ: ನೀವು ಕೇಳಿದ್ದೀರಿ, ನಾವು ಹೇಳುತ್ತೇವೆ

ಪ್ರಶ್ನೆ: ನಾಲ್ಕೂವರೆ ಇಂಚಿನ ಸಿಲ್ವರ್ ಅರೋವಾನಾ ಮರಿ ತಂದೀವಿ. ಮನ್ಯಾಗ ಇರೋದು ಎರಡು ಅಡಿ ಟ್ಯಾಂಕು. ಟ್ಯಾಂಕು ಎಷ್ಟೋ ಮೀನೂ ಅಷ್ಟೇ ಬೆಳೀತದ ಅಂತ ಅಂಗಡಿಯವರು ಹೇಳ್ಯಾರ. ಖರೇನ್ರಿ? – ಕಲಬುರಗಿ

ಉತ್ತರ: ಖರೆ ಅಲ್ಲ. ಇಕ್ಕಟ್ಟಿನಲ್ಲಿ ಮೀನು ಸಣ್ಣದಾಗಿ ಉಳಿಯುವುದಿಲ್ಲ, ಸೊಟ್ಟ ಬೆಳೆಯುತ್ತದೆ: ಬೆನ್ನು ಬಾಗುತ್ತದೆ, ಕಿವಿರಿನ ಮುಚ್ಚಳದ ಅಂಚು ಹೊರಕ್ಕೆ ಸುರುಳಿಯಾಗುತ್ತದೆ. ಅಮೆಜಾನ್ ನದಿಯ ಈ ಮೀನು ಅಲ್ಲಿ ಮೂರು ಅಡಿಯವರೆಗೂ ಬೆಳೆಯುತ್ತದೆ. ಮನೆಯಲ್ಲಿ ಎರಡು, ಎರಡೂವರೆ ಅಡಿ ಆಗುವುದು ಸಾಮಾನ್ಯ. ಚೆನ್ನಾಗಿ ಮೇಯಿಸಿದರೆ ವರ್ಷ ತುಂಬುವುದರೊಳಗೆ ಒಂದು ಅಡಿ ದಾಟಿಬಿಡುತ್ತದೆ.

ಸದ್ಯಕ್ಕೆ 36 ಇಂಚು ಉದ್ದ, 15 ಅಗಲ, 18 ಎತ್ತರದ ಟ್ಯಾಂಕು ಸಾಕು. ಅದು ಸುಮಾರು 160 ಲೀಟರ್ ಹಿಡಿಯುತ್ತದೆ, ಕೆಲವು ತಿಂಗಳು ನಡೆಯುತ್ತದೆ. ಕೊನೆಗೆ ಬೇಕಾಗುವುದು 72 ಇಂಚು ಉದ್ದ, 30 ಅಗಲ, 24 ಎತ್ತರದ್ದು. ಇಲ್ಲಿ ಉದ್ದಕ್ಕಿಂತ ಅಗಲ ಮುಖ್ಯ. ಎರಡು ಅಡಿಯ ಮೀನು ಒಂದೂವರೆ ಅಡಿ ಅಗಲದಲ್ಲಿ ತಿರುಗಬೇಕಾದರೆ ಪ್ರತಿ ಸಲ ಮೈ ಮಡಚಬೇಕು. ಎತ್ತರ ಹೆಚ್ಚಿಸಿ ಪ್ರಯೋಜನವಿಲ್ಲ, ಅದು ಮೇಲ್ಪದರದಲ್ಲೇ ಓಡಾಡುವ ಮೀನು. ಆ ದೊಡ್ಡ ಟ್ಯಾಂಕಿನ ನೀರೇ ಸುಮಾರು 850 ಕಿಲೋ ಆಗುತ್ತದೆ, ಗಾಜು, ಸ್ಟ್ಯಾಂಡು ಬೇರೆ. ಹಳೆಯ ಮನೆಯ ಮಾಳಿಗೆಯ ಮೇಲೆ ಇಡುವ ಯೋಚನೆ ಬೇಡ. ನೆಲಮಹಡಿಯಲ್ಲಿ, ಗೋಡೆಗೆ ಹತ್ತಿರವಾಗಿ, ಸಮ ನೆಲದ ಮೇಲೆ ಇಡಿ. ಅಷ್ಟು ಜಾಗವೂ ದುಡ್ಡೂ ಇಲ್ಲವೆಂದರೆ ಮರಿಯನ್ನು ಈಗಲೇ ಹಿಂತಿರುಗಿಸಿ. ಬೆಳೆದ ಮೇಲೆ ಕೊಳ್ಳುವವರು ಸಿಗುವುದಿಲ್ಲ, ಕೆರೆಗೆ ಬಿಡುವುದಂತೂ ಕೂಡದು.

ಪ್ರಶ್ನೆ: ಹೊಸ ಟ್ಯಾಂಕು, ಬೋರ್‌ವೆಲ್ ನೀರು, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 8.2. ಮರಿ ಬಿಟ್ಟು ವಾರವಾಯಿತು. ಈಗ ಮೇವು ಬಿಟ್ಟು, ಮೇಲೆ ಬಂದು ಏದುಸಿರು ಬಿಡುತ್ತಿದೆ. ನೀರಿನ ಗಡಸುತನವೇ ಕಾರಣವೇ? – ಸೇಡಂ

ಉತ್ತರ: ಗಡಸುತನ ನೇರ ಕಾರಣವಲ್ಲ. ನಿಮ್ಮದು ಸುಣ್ಣದ ಕಲ್ಲಿನ ನೆಲ, ನೀರು ಹಾಗೇ ಇರುತ್ತದೆ, ಅರೋವಾನಾ ಅದಕ್ಕೆ ಮೆಲ್ಲಗೆ ಹೊಂದಿಕೊಳ್ಳುತ್ತದೆ. ಮೊದಲು ಅನುಮಾನಿಸಬೇಕಾದದ್ದು ಅಮೋನಿಯಾವನ್ನು. ಮೀನಿನ ಹೊಲಸು, ಉಳಿದ ಮೇವು ಕೊಳೆತು ಅಮೋನಿಯಾ ಹುಟ್ಟುತ್ತದೆ. ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ನೀವು ಅಷ್ಟು ಕಾಯಲಿಲ್ಲ.

ಇದರಲ್ಲಿ ನಮ್ಮ ಭಾಗಕ್ಕೆ ಇನ್ನೊಂದು ತೊಡಕಿದೆ. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ, ಒಂದು ಅಷ್ಟಾಗಿ ಕಾಡದು, ಇನ್ನೊಂದು ವಿಷ. ಪಿಎಚ್ 7, ಶಾಖ 28 ಡಿಗ್ರಿ ಇದ್ದಲ್ಲಿ ವಿಷದ ಪಾಲು ನೂರಕ್ಕೆ ಒಂದೂ ಆಗುವುದಿಲ್ಲ. ಪಿಎಚ್ 8.2, ಶಾಖ 30 ಆದರೆ ಅದೇ ಪಾಲು ನೂರಕ್ಕೆ ಹನ್ನೊಂದರ ಹತ್ತಿರ. ಬೆಂಗಳೂರಿನವರ ವಿಡಿಯೋ ನೋಡಿ ‘ಸ್ವಲ್ಪ ಅಮೋನಿಯಾ ಇದ್ದರೆ ಪರವಾಗಿಲ್ಲ’ ಎಂದು ಕೂತರೆ ಇಲ್ಲಿ ಮರಿ ಉಳಿಯುವುದಿಲ್ಲ.

ಇವತ್ತೇ ಮೇವು ನಿಲ್ಲಿಸಿ. ಅದೇ ಶಾಖದ, ಕ್ಲೋರಿನ್ ಇಲ್ಲದ ನೀರಿನಿಂದ ಮೂರನೇ ಒಂದು ಪಾಲು ಬದಲಿಸಿ, ನಾಳೆ ಮತ್ತೆ ಅಷ್ಟೇ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರುವ ತನಕ ಇದು ನಡೆಯಲಿ. ಪರಿಚಯದವರ ಆರೋಗ್ಯವಾದ ಹಳೆಯ ಟ್ಯಾಂಕಿನಿಂದ ಒಂದು ಸ್ಪಂಜ್ ಫಿಲ್ಟರ್ ಸಿಕ್ಕರೆ ತಂದು ಹಾಗೇ ಹಾಕಿ. ಅದನ್ನು ನಳದ ನೀರಿನಲ್ಲಿ ತೊಳೆದರೆ ಅದರಲ್ಲಿ ನೆಲೆಸಿದ ಬ್ಯಾಕ್ಟೀರಿಯಾ ಸತ್ತು, ತಂದದ್ದು ದಂಡ. ಆಮೇಲೆ ವಾರಕ್ಕೊಮ್ಮೆ ಕಾಲು ಭಾಗ ಬದಲಿಸಿದರೆ ಸಾಕು. ಪಿಎಚ್ ಇಳಿಸುವ ದ್ರಾವಣ ಸುರಿಯಬೇಡಿ. ಗಡಸು ನೀರಿನಲ್ಲಿ ಅದು ಬೆಳಗ್ಗೆ ಇಳಿದು ಸಂಜೆ ಏರುತ್ತದೆ, ಮೀನಿಗೆ ಆ ಏರಿಳಿತವೇ ಕುತ್ತು. ಮೆದು ನೀರೇ ಬೇಕೆಂದರೆ ಬೋರ್ ನೀರಿಗೆ ಆರ್‌ಒ ನೀರನ್ನು ಕೆಲವು ವಾರಗಳಲ್ಲಿ ಹಂತಹಂತವಾಗಿ ಬೆರೆಸುತ್ತಾ ಅರ್ಧಕ್ಕರ್ಧ ತನ್ನಿ. ಬರೀ ಆರ್‌ಒ ನೀರಿನಲ್ಲಿ ಪಿಎಚ್ ಹಿಡಿದಿಡುವ ಖನಿಜ ಇರುವುದಿಲ್ಲ, ಒಂದು ದಿನ ದಢಕ್ಕನೆ ಕುಸಿಯುತ್ತದೆ.

ಪ್ರಶ್ನೆ: ಆರು ಇಂಚಿನ ಮರಿ. ಪೆಲೆಟ್ (ಒಣ ಮೇವಿನ ಗುಳಿಗಿ) ಹಾಕಿದರ ಬಾಯಾಗ ಹಿಡಿದು ಉಗುಳ್ತದ. ಹೊಲದಾಗ ಮಿಡತಿ ಭಾಳ ಅದಾವ, ಹಿಡಿದು ಹಾಕಬಹುದೇನ್ರಿ? – ಭಾಲ್ಕಿ, ಬೀದರ್ ಜಿಲ್ಲೆ

ಉತ್ತರ: ಮಿಡತೆ ಅದಕ್ಕೆ ಹಬ್ಬದೂಟ, ಆದರೆ ತೊಗರಿ, ಸೋಯಾ ಹೊಲದ್ದು ಬೇಡ. ಔಷಧ ಹೊಡೆದ ಹೊಲದ ಮಿಡತೆ ಜಿಗಿಯುತ್ತಿದ್ದರೂ ಮೈಯಲ್ಲಿ ವಿಷ ಇರಬಹುದು. ಮನೆಯ ಜಿರಳೆಗೂ ಇದೇ ಮಾತು. ಅಂಗಡಿಯಲ್ಲಿ ಸಾಕಿದ ಕ್ರಿಕೆಟ್ ಹುಳು ಅಥವಾ ಮೀಲ್ ವರ್ಮ್ ತನ್ನಿ. ಮೀಲ್ ವರ್ಮ್‌ನಲ್ಲಿ ಕೊಬ್ಬು ಹೆಚ್ಚು, ವಾರಕ್ಕೆರಡು ಸಲ ಸಾಕು.

ದಿನದ ಮೇವಿಗೆ ಸಿಗಡಿ ಅನುಕೂಲ. ತಲೆಯ ಗರಗಸದ ಮುಳ್ಳು, ಸಿಪ್ಪೆ ತೆಗೆದು, ಮರಿಯ ಕಣ್ಣಿನಷ್ಟು ದೊಡ್ಡ ತುಂಡು ಮಾಡಿ. ಈ ಗಾತ್ರಕ್ಕೆ ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ತಿನ್ನುವಷ್ಟು ಹಾಕಿ. ಐದು ಇಂಚಿಗಿಂತ ಸಣ್ಣದಾದರೆ ಫ್ರೋಜನ್ ಬ್ಲಡ್ ವರ್ಮ್ (ಹೆಪ್ಪುಗಟ್ಟಿಸಿದ ಸಣ್ಣ ಕೆಂಪು ಹುಳು) ಸೇರಿಸಿ ಮೂರು ಸಲ. ಅದರ ಬಾಯಿ ಮೇಲ್ಮುಖ, ಮೇವು ತೇಲಬೇಕು. ಮುಳುಗಿದ್ದನ್ನು ಮರಿ ಹೆಚ್ಚಾಗಿ ಬಿಟ್ಟುಬಿಡುತ್ತದೆ, ಅದೇ ಕೊಳೆತು ಅಮೋನಿಯಾ ಆಗುತ್ತದೆ. ಹತ್ತು ನಿಮಿಷದಲ್ಲಿ ಉಳಿದದ್ದನ್ನು ಪೈಪಿನಿಂದ ಎಳೆದು ತೆಗೆಯಿರಿ.

ಪೆಲೆಟ್ ರೂಢಿಗೆ ಒಂದು ದಿನ ಉಪವಾಸ ಇಡಿ. ಮರುದಿನ ತೇಲುವ ಪೆಲೆಟ್ಟನ್ನು ಸಿಗಡಿಯ ರಸದಲ್ಲಿ ಐದು ನಿಮಿಷ ನೆನೆಸಿ, ಮೊದಲು ಒಂದು ಸಿಗಡಿ ತುಂಡು, ಅದನ್ನು ನುಂಗುವ ಭರದಲ್ಲಿರುವಾಗಲೇ ಎರಡು ಪೆಲೆಟ್ ಬಿಡಿ. ಉಗುಳಿದರೆ ತೆಗೆದುಹಾಕಿ, ಕನಿಕರದಿಂದ ತಕ್ಷಣ ಸಿಗಡಿ ಕೊಡಬೇಡಿ. ಉಗುಳಿದರೆ ಒಳ್ಳೆಯದು ಸಿಗುತ್ತದೆ ಎಂದು ಅದು ಬೇಗ ಕಲಿತುಬಿಡುತ್ತದೆ.

ಸಣ್ಣ ಗೋಲ್ಡ್‌ಫಿಶ್ ಹಾಕುವ ರೂಢಿ ಬಿಡಿ. ಅದರಲ್ಲಿರುವ ಥಯಾಮಿನೇಸ್ ಬಿ1 ಜೀವಸತ್ವವನ್ನು ಹಾಳುಮಾಡುತ್ತದೆ, ಜೊತೆಗೆ ಬಿಳಿಚುಕ್ಕೆ ರೋಗ, ಮೈಗೆ ಕಚ್ಚಿಕೊಳ್ಳುವ ಪರೋಪಜೀವಿ ಆಂಕರ್ ವರ್ಮ್ ಬಿಟ್ಟಿಯಾಗಿ ಬರುತ್ತವೆ. ಚಿಕನ್, ಮಟನ್ ಕೊಬ್ಬು ಮೀನಿನ ಯಕೃತ್ತಿನಲ್ಲಿ ಕೂರುತ್ತದೆ.

ಪ್ರಶ್ನೆ: ಮೇ ತಿಂಗಳಲ್ಲಿ ಟ್ಯಾಂಕಿನ ನೀರು 34 ಡಿಗ್ರಿ ಮುಟ್ಟುತ್ತದೆ, ಕರೆಂಟೂ ಹೋಗುತ್ತಿರುತ್ತದೆ. ಐಸ್ ಹಾಕಬಹುದೇ? – ಯಾದಗಿರಿ

ಉತ್ತರ: ಐಸ್ ನೇರವಾಗಿ ಬೇಡ. ನೀರು ದಿನಕ್ಕೆ ಎರಡು ಡಿಗ್ರಿಗಿಂತ ಹೆಚ್ಚು ಏರಬಾರದು, ಇಳಿಯಲೂ ಬಾರದು. ಮುಚ್ಚಳದ ಗಾಜು ತೆಗೆದು ಕಬ್ಬಿಣದ ಜಾಳಿಗೆ ಬಿಗಿದು, ಮೇಲ್ಮೈಗೆ ಓರೆಯಾಗಿ ಸಣ್ಣ ಫ್ಯಾನ್ ಹಚ್ಚಿ. ನಮ್ಮ ಒಣ ಬಿಸಿಲಿಗೆ ನೀರು ಆವಿಯಾಗಿ ಎರಡು-ಮೂರು ಡಿಗ್ರಿ ಇಳಿಯುತ್ತದೆ. ಆವಿಯಾದಷ್ಟು ಆರ್‌ಒ ನೀರು ತುಂಬಿಸಿ, ಬೋರ್ ನೀರು ತುಂಬಿಸುತ್ತ ಹೋದರೆ ಸುಣ್ಣ ಗಟ್ಟಿಯಾಗುತ್ತಾ ಹೋಗುತ್ತದೆ.

25 ಡಿಗ್ರಿಯ ನೀರು ಲೀಟರಿಗೆ 8.2 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 34ರಲ್ಲಿ ಹಿಡಿಯುವುದು 7 ಅಷ್ಟೇ, ಮೀನಿಗೆ ಬೇಕಾಗುವುದು ಮಾತ್ರ ಆಗಲೇ ಹೆಚ್ಚು. ಹಾಗಾಗಿ ಬ್ಯಾಟರಿ ಏರ್ ಪಂಪ್ ಇಲ್ಲದೆ ಬೇಸಿಗೆ ಕಳೆಯುವ ಸಾಹಸ ಬೇಡ. ಕ್ಯಾನಿಸ್ಟರ್ ಫಿಲ್ಟರ್ (ಟ್ಯಾಂಕಿನ ಹೊರಗಿಡುವ ಮುಚ್ಚಿದ ಡಬ್ಬಿಯ ಫಿಲ್ಟರ್) ಮೂರು-ನಾಲ್ಕು ಗಂಟೆ ನಿಂತಿದ್ದರೆ ಕರೆಂಟು ಬಂದೊಡನೆ ಹಚ್ಚಬೇಡಿ. ಒಳಗಿನ ನೀರು ಕೆಟ್ಟಿರುತ್ತದೆ. ಅದನ್ನು ಚೆಲ್ಲಿ, ಸ್ಪಂಜನ್ನು ಟ್ಯಾಂಕಿನಿಂದಲೇ ಬೇರೆ ತೆಗೆದ ನೀರಿನಲ್ಲಿ ಜಾಲಾಡಿ ಮತ್ತೆ ಹಚ್ಚಿ. ಮಧ್ಯಾಹ್ನ ಮಾಳಿಗೆಯ ಮೇಲಿನ ಪ್ಲಾಸ್ಟಿಕ್ ಟ್ಯಾಂಕಿನ ನೀರು ಮುಟ್ಟಲೂ ಆಗದಷ್ಟು ಕಾದಿರುತ್ತದೆ. ನೀರು ಬದಲಿಸುವುದಿದ್ದರೆ ಬೆಳಗಿನ ಜಾವ.

ಪ್ರಶ್ನೆ: ಟ್ಯಾಂಕಿನೊಳಗೆ ಶಹಾಬಾದ್ ಕಲ್ಲಿನ ತುಣುಕು ಜೋಡಿಸಿದ್ದೇವೆ. ನಡೆಯುತ್ತದೆಯೇ? – ಚಿತ್ತಾಪುರ

ಉತ್ತರ: ತೆಗೆಯಿರಿ. ಅದು ಸುಣ್ಣದ ಕಲ್ಲು, ನಿಂಬೆಹಣ್ಣಿನ ರಸ ಹಾಕಿದರೆ ನೊರೆ ಬರುತ್ತದೆ; ನೀರಿನಲ್ಲಿ ಮೆಲ್ಲಗೆ ಕರಗಿ ಗಡಸುತನ ಏರಿಸುತ್ತದೆ. ಚೂಪು ಅಂಚಿಗೆ ಮೀನು ಬೆದರಿ ಬಡಿದರೆ ಹುರುಪೆಯೂ ಮೀಸೆಯೂ ಹೋಗುತ್ತವೆ. ಬರಿದಾದ ತಳವೇ ವಾಸಿ, ಹೊಲಸು ತೆಗೆಯಲೂ ಸುಲಭ.

ಪ್ರಶ್ನೆ: ಕೆಂಪು ಅರೋವಾನಾ ಮನೆಗೆ ಅದೃಷ್ಟವಂತೆ. ಆನ್‌ಲೈನ್‌ನಲ್ಲಿ ಒಬ್ಬರು ಕಡಿಮೆ ಬೆಲೆಗೆ ಕೊಡುತ್ತಿದ್ದಾರೆ, ಕಾಗದಪತ್ರ ಇಲ್ಲ. ತರಬಹುದೇ? – ಬೀದರ್

ಉತ್ತರ: ಅದೃಷ್ಟದ ಮಾತು ಜ್ಯೋತಿಷಿಗಳಿಗೆ ಬಿಟ್ಟದ್ದು. ಕೆಂಪು, ಬಂಗಾರದ ಬಣ್ಣದ ಏಷ್ಯನ್ ಅರೋವಾನಾ, ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿದೆ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯ ನಂತರ ಇಂಥ ಜೀವಿ ಇಟ್ಟುಕೊಂಡವರು ನೋಂದಾಯಿಸಬೇಕು, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್ ಮೂಲಕ ನೋಂದಣಿಯ ನಿಯಮಗಳು 2024ರಲ್ಲಿ ಬಂದಿವೆ. ಕಾಗದವಿಲ್ಲದ ಮೀನು ತರಬೇಡಿ. ದಕ್ಷಿಣ ಅಮೆರಿಕದ ಸಿಲ್ವರ್ ಆ ಅನುಬಂಧದಲ್ಲಿಲ್ಲ, ಆಸೆಯಿದ್ದರೆ ಅದನ್ನೇ ಸಾಕಿ. ಯಾವುದನ್ನೇ ತಂದರೂ ಮುಚ್ಚಳದ ಮೇಲೆ ಭಾರ ಇಟ್ಟು, ಫಿಲ್ಟರ್ ಪೈಪು ಹಾಯುವ ಸಂದಿಗೂ ಸ್ಪಂಜು ತುರುಕಿ. ಎರಡು ಬೆರಳಿನ ಸಂದಿ ಇದ್ದರೂ ಮರಿ ಹಾರಿ ಹೊರಬೀಳುತ್ತದೆ, ಅದೂ ಹೆಚ್ಚಾಗಿ ಹೊಸ ಜಾಗದ ಮೊದಲ ದಿನಗಳಲ್ಲಿ, ರಾತ್ರಿ ಥಟ್ಟನೆ ದೀಪ ಹಾಕಿದಾಗ.