ಸರಿದದ್ದು ನದಿಯೋ, ನಕ್ಷೆಯ ಗೆರೆಯೋ?

ಓದುಗರ ಪತ್ರ: ಸುಮಾರು ನೂರೈವತ್ತು ವರ್ಷ ಹಳೆಯ ನಕ್ಷೆಯನ್ನು ಉಪಗ್ರಹ ಚಿತ್ರದೊಂದಿಗೆ ಹೋಲಿಸಿದರೆ ನದಿ ಅರ್ಧ ಕಿಲೋಮೀಟರ್ ಸರಿದಂತಿದೆ. ಹಳೆಯ ಸೇತುವೆಯ ಕಂಬದಲ್ಲಿ ಕೆತ್ತಿದ ನೆರೆಯ ಗುರುತನ್ನು ಈಗಿನ ಯಾವ ನೆರೆಯೂ ಮುಟ್ಟುತ್ತಿಲ್ಲ. ಹವಾಮಾನ ಬದಲಾಗಿದೆ ಎನ್ನಲು ಇಷ್ಟು ಸಾಕೇ?

ಸಂಪಾದಕರ ಉತ್ತರ: ಸಾಲದು. ನಕ್ಷೆ ಬರೆದವರಿಗೆ ಬೇಕಿದ್ದುದು ದಾರಿ, ಗಡಿ, ಕಂದಾಯ, ಹವಾಮಾನವಲ್ಲ.

ಮೊದಲು ನಕ್ಷೆಯ ಅಂಚಿನಲ್ಲಿ ಸಮೀಕ್ಷೆಯ ವರ್ಷ ಹುಡುಕಿ. ಮುದ್ರಣದ ವರ್ಷಕ್ಕೂ ಅದಕ್ಕೂ ಎಷ್ಟೋ ವೇಳೆ ದಶಕಗಳ ಅಂತರವಿರುತ್ತದೆ. ಬಂಡೆಗುಡ್ಡದ ನೆತ್ತಿ, ಹಳೆಯ ಕಟ್ಟಡ ಮುಂತಾದ ಕದಲದ ಗುರುತುಗಳನ್ನು ಎರಡೂ ದಡಗಳಲ್ಲಿ ಸೇರಿ ಹತ್ತಾದರೂ ಆರಿಸಿಕೊಳ್ಳಿ. ನಕ್ಷೆಯನ್ನು ಚಿತ್ರದ ಮೇಲೆ ಕೂರಿಸಿ ಜೋಡಿಸಲು ಏಳನ್ನು ಬಳಸಿ, ಜೋಡಣೆ ಸರಿಯಿದೆಯೇ ಎಂಬ ಪರೀಕ್ಷೆಗೆ ಮೂರನ್ನು ಉಳಿಸಿ. ಆ ಮೂರು 150 ಮೀಟರ್ ಆಚೀಚೆ ಬಿದ್ದರೆ, ಅಷ್ಟರೊಳಗಿನ ಯಾವ ಸರಿತವನ್ನೂ ನಂಬಬೇಡಿ. ಮೈಲಿಗೊಂದು ಅಂಗುಲದ ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ ನೆಲದ ಮೇಲೆ 32 ಮೀಟರ್! ಬೇಸಿಗೆಯಲ್ಲಿ ಅಳೆದ ದಡವನ್ನು ಮಳೆಗಾಲದ ಚಿತ್ರದ ಜೊತೆ ಹೋಲಿಸುವುದೂ ಬೇಡ.

ಸರಿತ ನಿಜವಾದರೂ ಕಾರಣ ಬೇರೆ ಇರಬಹುದು. 2008ರ ಆಗಸ್ಟ್‌ನಲ್ಲಿ ಕೋಸಿ ನದಿ ನೇಪಾಳದ ಕುಸಹಾ ಬಳಿ ಒಡ್ಡು ಒಡೆದು ಪೂರ್ವಕ್ಕೆ ನುಗ್ಗಿದಾಗ, ಹರಿಯುತ್ತಿದ್ದ ನೀರು ಒಡ್ಡು ತಡೆಯಬೇಕಿದ್ದ ಮಿತಿಗಿಂತ ಬಹಳ ಕಡಿಮೆಯಿತ್ತು. ಒಡ್ಡುಗಳ ನಡುವೆ ಹೂಳು ತುಂಬಿ ಪಾತ್ರವೇ ಮೇಲೆದ್ದಿತ್ತು.

ನಿಮ್ಮ ಕಂಬದ ಗುರುತಿಗೂ ಇದೇ ತೊಡಕು. ಕೈರೋದ ರೋಡಾ ದ್ವೀಪದಲ್ಲಿ ನೈಲ್ ನದಿಯ ಮಟ್ಟದ ದಾಖಲೆ ಕ್ರಿ.ಶ. 622ರಿಂದ ಸಿಗುತ್ತದೆ, ಮೊಳದ ಗೆರೆಗಳಿರುವ ಈಗಿನ ಅಳತೆಗಂಬ 861ರದು. ತಳದಲ್ಲಿ ಹೂಳು ಕೂತಂತೆಲ್ಲ ಅಷ್ಟೇ ನೀರು ಕಂಬದ ಮೇಲೆ ಹೆಚ್ಚು ಎತ್ತರ ತೋರಿಸುತ್ತದೆ. ಅದನ್ನು ಕಳೆಯದೆ ನೋಡಿದವರಿಗೆ ನೈಲ್ ಶತಮಾನದಿಂದ ಶತಮಾನಕ್ಕೆ ಉಕ್ಕುತ್ತಲೇ ಹೋದಂತೆ ಕಂಡೀತು. ಮರಳು ತೆಗೆದು ತಳ ತಗ್ಗಿದ್ದರೆ, ಮೇಲ್ಭಾಗದಲ್ಲಿ ಅಣೆಕಟ್ಟು ಎದ್ದಿದ್ದರೆ ಪರಿಣಾಮ ಇದಕ್ಕೆ ತಿರುವುಮುರುವು. ಸೇತುವೆಯ ಮೂಲ ನಕಾಶೆಯಲ್ಲಿ ಕಟ್ಟಿದಾಗಿನ ತಳದ ಮಟ್ಟ ಇರುವುದುಂಟು. ಅದು ಸಿಕ್ಕರೆ ಇವತ್ತಿನ ತಳದೊಂದಿಗೆ ತಾಳೆ ನೋಡಿ. ಗುರುತನ್ನು ಆಮೇಲೆ ಬೇರೆ ಕಲ್ಲಿಗೆ ಸ್ಥಳಾಂತರಿಸಿದ್ದಾರೆಯೇ ಎಂಬುದನ್ನೂ ವಿಚಾರಿಸಿ.

ತಾರೀಖು ಇನ್ನೂ ಮೋಸ ಮಾಡುತ್ತದೆ. ಫಿನ್ಲೆಂಡ್–ಸ್ವೀಡನ್ ಗಡಿಯ ಟೋರ್ನೆ ನದಿಯಲ್ಲಿ ಹಿಮ ಒಡೆಯುವ ದಿನದ ದಾಖಲೆ 1693ರಿಂದ ಇದೆ. ನದಿ ತಳದ ಏರಿಳಿತ ಅದನ್ನು ಅಷ್ಟಾಗಿ ಕೆಡಿಸುವುದಿಲ್ಲವಾದ್ದರಿಂದ ಹವಾಮಾನಕ್ಕೆ ನೆರೆಯ ಗುರುತಿಗಿಂತ ಇದೇ ಒಳ್ಳೆಯ ಸಾಕ್ಷಿ. ಆದರೆ 1753ರಲ್ಲಿ ಸ್ವೀಡನ್ ಪಂಚಾಂಗ ಬದಲಿಸಿ, ಫೆಬ್ರವರಿ 17ರ ಮರುದಿನವನ್ನೇ ಮಾರ್ಚ್ 1 ಎಂದು ಎಣಿಸಿತು. ಹಳೆಯ ತಾರೀಖುಗಳನ್ನು ಸರಿಪಡಿಸದಿದ್ದರೆ ಆ ವರ್ಷದಿಂದ ಹಿಮ ಹನ್ನೊಂದು ದಿನ ತಡವಾಗಿ ಒಡೆದಂತೆ ಕಾಣುತ್ತದೆ.

ದಾಖಲೆಯಲ್ಲಿ ನೆರೆಯ ಸುದ್ದಿ ಇಲ್ಲವೆಂದರೆ ನೆರೆಯೇ ಬಂದಿಲ್ಲವೆಂದಲ್ಲ. ಬರೆಯುವವರು ಇರಲಿಲ್ಲ ಎಂದೂ ಆಗಬಹುದು. ಹಾಗಾಗಿ ವರ್ಷವಾರು ಪಟ್ಟಿಯಲ್ಲಿ ‘ನೆರೆ ಇಲ್ಲ’ ಮತ್ತು ‘ದಾಖಲೆ ಇಲ್ಲ’ ಎಂಬ ಎರಡು ಬೇರೆ ಕಾಲಂ ಇಟ್ಟುಕೊಳ್ಳಿ.