ಚಿಕ್ಕಬಳ್ಳಾಪುರದಲ್ಲಿದ್ದೇವೆ. ಮಗನಿಗೆ ಬೆಟ್ಟದಲ್ಲಿ ಸೈಕಲ್ ಹಾರಿಸುವ ಫ್ರೀರೈಡ್ ಹುಚ್ಚು, ಗೆಳೆಯರು ಬಿಎಂಎಕ್ಸ್ ಎಂಬ ಪುಟ್ಟ ಸೈಕಲ್ ಕೊಡಿಸಿ ಅಂತಾರೆ. ಎರಡಕ್ಕೂ ಏನು ಸಂಬಂಧ?

ಹತ್ತಿರದ ಸಂಬಂಧವೇ. ಬಿಎಂಎಕ್ಸ್ ಹುಟ್ಟಿದ್ದು 1970ರ ಆಸುಪಾಸಿನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಮೋಟೋಕ್ರಾಸ್ (ಮಣ್ಣಿನ ಹಾದಿಯ ಮೋಟಾರ್‌ಬೈಕ್ ರೇಸ್) ನೋಡಿದ ಹುಡುಗರು ಮಣ್ಣಿನ ಟ್ರ್ಯಾಕಲ್ಲಿ ಪುಟ್ಟ ಸೈಕಲ್ ಹಾರಿಸಿದರು. ಫ್ರೀರೈಡ್ ಬೆಳೆದದ್ದು 1990ರ ದಶಕದಲ್ಲಿ, ಕೆನಡಾದ ಬ್ರಿಟಿಷ್ ಕೊಲಂಬಿಯಾದ ಬೆಟ್ಟಗಳಲ್ಲಿ. ಇದರಲ್ಲಿ ಗಡಿಯಾರದ ಜೊತೆ ಪೈಪೋಟಿಯಿಲ್ಲ. ಯಾವ ದಾರಿ ಆರಿಸಿದೆ, ಎಷ್ಟು ಎತ್ತರದಿಂದ ಹಾರಿದೆ, ಹೇಗೆ ಇಳಿದೆ ಎಂಬುದೇ ಲೆಕ್ಕ.

ಗಾಳಿಯಲ್ಲಿನ ಕಸರತ್ತು ಮಾತ್ರ ಬಹುಪಾಲು ಬಿಎಂಎಕ್ಸ್‌ನ ಎರವಲು. ಹ್ಯಾಂಡಲ್ ಒಂದು ಸುತ್ತು ತಿರುಗಿಸುವ ಬಾರ್‌ಸ್ಪಿನ್, ಹ್ಯಾಂಡಲ್ ಹಿಡಿದೇ ಇಡೀ ಫ್ರೇಮನ್ನು ಒದ್ದು ಸುತ್ತಿಸುವ ಟೈಲ್‌ವಿಪ್, ಎರಡೂ ಅಲ್ಲಿಯವೇ. 20 ಇಂಚಿನ ಚಕ್ರದ, ಸಸ್ಪೆನ್ಷನ್ ಇಲ್ಲದ ಸೈಕಲಲ್ಲಿ ಮಾಡುವುದನ್ನು ಸುಮಾರು 200 ಮಿಲಿಮೀಟರ್ ಸಸ್ಪೆನ್ಷನ್ ಇರುವ ಭಾರದ ಸೈಕಲಲ್ಲಿ ಮಾಡಬೇಕು, ಅದೂ ಕಡಿದಾದ ಬಂಡೆಯಿಂದ ಹಾರಿ! 2001ರಲ್ಲಿ ಅಮೆರಿಕದ ಯೂಟಾದಲ್ಲಿ ಶುರುವಾದ ಫ್ರೀರೈಡ್ ಸ್ಪರ್ಧೆ ರೆಡ್ ಬುಲ್ ರ‍್ಯಾಂಪೇಜ್‌ನ ವಿಡಿಯೊ ನೋಡಿ.

ಆವಲಬೆಟ್ಟದ ಬಂಡೆ ಕಂಡರೆ ಅವನಿಗೆ ಕೈ ತುರಿಸಬಹುದು, ಈಗಲೇ ಬೇಡ. ಗೆಳೆಯರು ಹೇಳಿದ್ದು ಸರಿ, ಬಿಎಂಎಕ್ಸ್ ಕೊಡಿಸಿ. ತೋಟದ ಮೂಲೆಯಲ್ಲಿ ಕೆಮ್ಮಣ್ಣು ಗುಡ್ಡೆ ಹಾಕಿ ಹಾರುವುದು ಕಲಿಯಲಿ. ಆಮೇಲೆ 26 ಇಂಚಿನ, ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಡರ್ಟ್ ಜಂಪ್ ಸೈಕಲ್. ಮುಖವನ್ನೂ ಮುಚ್ಚುವ ಹೆಲ್ಮೆಟ್ ಮೊದಲ ದಿನದಿಂದಲೇ ಇರಲಿ.